ಕುರ್ವೆಯ ಮಣಿ

ಕತ್ತರಿ ಹಿಡಿದವಳು ನಾನೇ.
ಕುಮಟೆಯ ಸರಕಾರಿ ಆಸ್ಪತ್ರೆ, ಎಕ್ಸರೇ ಕೋಣೆ.
ಮೊದಲ ಚಿತ್ರದಲ್ಲಿ ಹೊನ್ನಿ ಗೌಡಳ ಎದೆಯೇ ಇರಲಿಲ್ಲ,
ಕುತ್ತಿಗೆಯಿಂದ ಹೊಟ್ಟೆಯತನಕ ಬಿಳಿ ಚುಕ್ಕೆ,
ಗೆರಸೆಯಿಂದ ಅಕ್ಕಿ ಚೆಲ್ಲಿದ ಹಾಗೆ.
ಮಣಿಸರ ತೆಗೀಬೇಕು ಅಜ್ಜಿ, ಅಂದೆ.
ಅದು ತಲೆ ಮೇಲಿಂದ ಬರೂದಿಲ್ಲ ಅಕ್ಕೋರೆ, ಅಂದಳು.
ಹೊರಗೆ ಮೂವತ್ತು ಜನರ ಸಾಲು.

ಗಾಜು ಬಿದ್ದರೆ ಒಡೆಯುತ್ತದೆ ಅನ್ನುತ್ತಾರೆ.
ಇವು ಒಡೆಯಲಿಲ್ಲ, ಓಡಿದವು:
ಮಂಚದಡಿಗೆ, ಯಂತ್ರದಡಿಗೆ, ನೀರು ಹೋಗುವ ತೂತಿಗೆ.
ಉಸಿರು ಎಳ್ಕೊ, ಹಿಡ್ಕೊ, ಅಂದಿದ್ದೆ.
ಓಡುವ ಮಣಿಗಳನ್ನು ನೋಡುತ್ತ
ಬಿಡು ಅನ್ನಲು ಮರೆತೆ.
ಅವಳು ಹಿಡಿದುಕೊಂಡೇ ನಿಂತಿದ್ದಳು.

ಎಣಿಸಿದಾಗ ಹತ್ತೊಂಬತ್ತು ಕಡಿಮೆ. ಎಲ್ಲಾ ನೀಲಿ.

ಭಾನುವಾರ ದುರ್ಗು ಅಂಬಿಗನ ದೋಣಿ.
ಅಘನಾಶಿನಿ ಇಳಿತದಲ್ಲಿತ್ತು,
ಸೊಂಟದವರೆಗಿನ ನೀರಲ್ಲಿ ಹೆಂಗಸರು ಕಾಲಿನಿಂದ ತಡವಿ
ಬಳಚು ಹೆಕ್ಕುತ್ತಿದ್ದರು.
ಗಾಜಿನ ಕುರ್ವೆ ಎಂದರೆ ನಾನು
ದೂರದಿಂದಲೇ ಮಿಂಚುವ ಏನನ್ನೋ ಅಂದುಕೊಂಡಿದ್ದೆ.
ಕಾಂಡ್ಲದ ಗಿಡ, ನಾಲ್ಕು ಹಂಚಿನ ಮಾಡು,
ಒಡೆದ ಶೀಶೆಗಳ ಒಂದು ಗುಡ್ಡೆ,
ಅದರ ಮೇಲೆ ಕೋಳಿ.
ಮೊದಲು ಹನ್ನೊಂದು ಒಲೆ ಇತ್ತು, ಅಂದ ದುರ್ಗು.
ಈಗ ಬೆನ್ವಿಂದಾ ಬಾಯಿಯದೊಂದೇ. ಅದೂ ಅವಳ ಮಂಡಿ ನೋಯದ ದಿನ.

ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಲ್ಲಿ ಇಳಿದೆ.

ನೀಲಿಯಾ? ಎಂದು ನಕ್ಕಳು ಬೆನ್ವಿಂದಾ.
ಹೊಟ್ಟೆನೋವಿನ ಬಿಳಿ ಔಷಧಿ ನೀಲಿ ಶೀಶೆಯಲ್ಲಿ ಬರುತ್ತಿತ್ತು, ಅದರದ್ದು ಆ ನೀಲಿ.
ಈಗ ಔಷಧಿಯೂ ಪ್ಲಾಸ್ಟಿಕ್ಕಲ್ಲಿ.
ಹೊಟ್ಟೆನೋವು ಮಾತ್ರ ಹಾಗೇ ಉಂಟು.

ಹೋಲಿಸಲು ಮಣಿ ತಂದಿರಲಿಲ್ಲ ನಾನು,
ಉಳಿದದ್ದನ್ನೆಲ್ಲ ಹೊನ್ನಿ ಸೆರಗಿಗೆ ಗಂಟು ಹಾಕಿ ಮಲಗಿದ್ದಳು.
ಮೊಬೈಲಿನಲ್ಲಿ ಆ ಮೊದಲ ಚಿತ್ರ ಇತ್ತು, ಕೆಟ್ಟದ್ದು, ಅಳಿಸಬೇಕಾದ್ದು.
ತೋರಿಸಿದೆ. ಬಣ್ಣವಿಲ್ಲದ ಚುಕ್ಕೆ.
ಬಾಯಿ ಅದನ್ನು ಬಾಗಿಲ ಬೆಳಕಿಗೆ ಒಯ್ದಳು,
ಬೆರಳಿಂದ ಹಿಗ್ಗಿಸಿದಳು,
ಶಿಲುಬೆಯ ಗುರುತು ಮಾಡಿಕೊಂಡಳು.

ತೂತು ನೋಡು. ನಡುವಿಗಿಲ್ಲ, ಒಂದು ಬದಿಗೆ.
ನನ್ನ ಅತ್ತೆಯ ಕೈ ಇದು.
ಅವಳಿಗೆ ಎಡಗಣ್ಣು ಇರಲಿಲ್ಲ, ಕಿಡಿ ಹಾರಿ ಹೋದದ್ದು.
ನಲವತ್ತು ವರ್ಷ ಒಂದೂ ಮಣಿ ನೆಟ್ಟಗೆ ಮಾಡಿದವಳಲ್ಲ.
ಓರೆ ಅಂತ ಸಾಹುಕಾರ ಅರ್ಧ ದುಡ್ಡು ಮುರಿಯುತ್ತಿದ್ದ.

ಒಳಗಿನ ಪೆಟ್ಟಿಗೆಯಿಂದ ಒಂದು ನೀಲಿ ಶೀಶೆ ಬಂತು,
ಅತ್ತೆಯ ಹೆಸರಿಗೆ ಇಟ್ಟದ್ದು, ಒಳಗೆ ಒಣಗಿದ ಹೂವಿನ ಕಡ್ಡಿ.
ಬೇಡ, ಅಂದೆ.
ಅಷ್ಟರಲ್ಲಿ ಒಡೆದಾಗಿತ್ತು.

ಚಿಪ್ಪಿನ ಇದ್ದಿಲು, ತಿದಿ ಒತ್ತುವ ಕೆಲಸ ನನಗೆ.
ಮಣ್ಣು ಮೆತ್ತಿದ ಸರಳಿನ ತುದಿಗೆ
ನೀಲಿ ಜೇನಿನಂತೆ ಇಳಿದು ಸುತ್ತಿಕೊಂಡಿತು.
ಮೊದಲ ಐದು ಮಣಿ ಚಂದ ದುಂಡಗೆ, ತೂತು ಸರಿಯಾಗಿ ನಡುವಿಗೆ.
ಥೂ, ಎಂದು ಬೈದುಕೊಂಡಳು.
ಆಮೇಲೆ ಎಡಗಣ್ಣು ಮುಚ್ಚಿದಳು.
ಮುಚ್ಚಿದ್ದು ನಿಲ್ಲುತ್ತಿರಲಿಲ್ಲ, ಹೊಗೆಗೆ ಮಿಟುಕುತ್ತಿತ್ತು.
ಬಾ ಇಲ್ಲಿ, ಅಂದಳು. ಕೈ ಅಡ್ಡ ಹಿಡಿ.

ಎಷ್ಟು ಹೊತ್ತು ಹಾಗೆ ಇದ್ದೆವೋ.
ಅಂಗೈಯೊಳಗೆ ಒಂದು ಮುದಿ ಕಣ್ಣು,
ಬಲೆಗೆ ಬಿದ್ದ ಚಿಕ್ಕ ಮೀನಿನ ಹಾಗೆ.
ಭರತ ಬಂದು ದುರ್ಗು ಕೂಗು ಹಾಕುವವರೆಗೆ.

ಸೋಮವಾರ ವಾರ್ಡಿನಲ್ಲಿ
ಹೊನ್ನಿ ಒಂದೊಂದನ್ನೂ ಹೆಬ್ಬೆರಳಲ್ಲಿ ಉರುಳಿಸಿದಳು.
ಐದನ್ನು ಬೇರೆ ಇಟ್ಟಳು. ಇವು ನಮ್ಮವಲ್ಲ.
ಮತ್ತೆ ಕರುಣೆ ಬಂದಂತೆ ಅವನ್ನೂ ಪೋಣಿಸಿದಳು.

ಎರಡನೆಯ ಚಿತ್ರ ಡಾಕ್ಟರರ ಮೇಜಿನ ಮೇಲಿತ್ತು.
ಅದರಲ್ಲಿ ಎದೆ ಸ್ವಚ್ಛವಾಗಿ ಕಾಣುತ್ತದೆ,
ಬಲಗಡೆ ಕೆಳಗೆ, ಮಣಿಯಲ್ಲದ ಒಂದು ದುಂಡು ನೆರಳು.
ಹೇಳುವುದು ನನ್ನ ಕೆಲಸವಲ್ಲ.

ಎಲ್ಲಾ ಸಿಕ್ತೇ ಅಕ್ಕೋರೆ? ಎಂದು ಕೇಳಿದಳು,
ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ.
ಸಿಕ್ತು, ಅಂದೆ.
ಯಾವುದನ್ನು ಕೇಳಿದಳೋ.